ಒಣಗದ ಹಾಳೆ

ಬ್ರಾಡ್‌ಫರ್ಡಿನಲ್ಲಿ ಕಟ್ಟಡಗಳ ನಕ್ಷೆ ಬರೆಯೋದು ನಮ್ಮ ಮನೆತನದ ಕಸುಬು. ಅಪ್ಪ ಲೆಕ್ಕ ಹಾಕುತ್ತಾರೆ, ಅಣ್ಣ ಸೈಲಸ್ ಬರೆಯುತ್ತಾನೆ, ನಾನು ಹಾಳೆ ಸಿದ್ಧ ಮಾಡುತ್ತೇನೆ. ನೆನೆಸಿ, ಹಲಗೆಗೆ ಅಂಟಿಸಿ, ಒಲೆಯ ಪಕ್ಕ ಇಟ್ಟರೆ ಒಣಗಿ ತಮಟೆಯಂತೆ ಬಿಗಿಯಾಗುತ್ತದೆ.

ಉಣ್ಣೆ ಗಿರಣಿಯ ಹೊಸ ಚಿಮಣಿಗೆಂದು ಹಾಕಿದ ಹಾಳೆ ಮಾತ್ರ ಪೂರ್ತಿ ಒಣಗಲಿಲ್ಲ. ಗಿರಣಿಯ ಪಕ್ಕದ ಮನೆಗಳ ಸಾಲನ್ನು, ಅದರಲ್ಲಿರುವ ನಮ್ಮಕ್ಕ ಹೆಸ್ಟರಳ ಮನೆಯನ್ನೂ ಸೈಲಸ್ ಬರೆದು ಮುಗಿಸಿದ. ಚಿಮಣಿಯ ಜಾಗದಲ್ಲಿ ಶಾಯಿ ನಿಲ್ಲಲಿಲ್ಲ. ಅಲ್ಲಿ ದುಂಡಗೆ ಒದ್ದೆ, ಬೆರಳು ಮರಗಟ್ಟುವಷ್ಟು ತಣ್ಣಗೆ.

"ಏನೇ ಟ್ಯಾಬಿತಾ, ಟೀ ಚೆಲ್ಲಿದೀಯಾ?"

"ಮೂಸಿ ನೋಡು."

ಮೂಸಿದವನ ನಗು ನಿಂತಿತು. ಕಲ್ಲಿದ್ದಲ ಗಣಿಯ ವಾಸನೆ.

"ಅಪ್ಪ, ಅಲ್ಲಿ ಕೆಳಗೆ ಹಳೇ ಗಣಿ ಇದೆಯಂತೆ. ಒಂದ್ಸಲ ಅಗೆಸಿ ನೋಡೋಣ," ಅಂದೆ.

"ಗಿರಣಿಯವರು ಕಾಯಲ್ಲಮ್ಮ. ಬೇರೆ ಹಾಳೆ ಹಾಕು."

ಹಾಕಿದೆ. ಅದೂ ಅಲ್ಲೇ ಒಣಗಲಿಲ್ಲ. ಅಪ್ಪ ಇಸ್ತ್ರಿಪೆಟ್ಟಿಗೆ ತಂದು ಒತ್ತಿ ಒತ್ತಿ ಒಣಗಿಸಿ, ನಕ್ಷೆ ಬರೆಸಿ ಕಳಿಸಿಬಿಟ್ಟರು.

ಈಗ ಚಿಮಣಿ ಎದ್ದು ಹೊಗೆ ಉಗುಳುತ್ತಿದೆ. ಮೊದಲ ಹಾಳೆ ಇನ್ನೂ ಮೂಲೆಯ ಹಲಗೆಯ ಮೇಲಿದೆ. ಈ ವಾರ ಅದರ ಒದ್ದೆ ದುಂಡಗಿಲ್ಲ, ಒಂದೇ ದಿಕ್ಕಿಗೆ ನೇರವಾಗಿ ಚಾಚಿಕೊಂಡಿದೆ. ಸೈಲಸ್ ಅಳತೆಪಟ್ಟಿ ಇಟ್ಟು ನೋಡಿದ. ಒದ್ದೆಯ ಉದ್ದ, ನಕ್ಷೆಯ ಅಳತೆಯಲ್ಲಿ, ಚಿಮಣಿಯ ಎತ್ತರಕ್ಕೆ ಸರಿಯಾಗಿದೆ. ತುದಿ ಬಂದು ನಿಂತಿರೋದು ಹೆಸ್ಟರಳ ಮನೆಯ ಮೇಲೆ.

ಮನೆ ಬಿಟ್ಟು ಬಾ ಅಂತ ಅಂಗಲಾಚಿದರೆ ಅಕ್ಕ ನಗುತ್ತಾಳೆ.

"ನಮ್ಮಪ್ಪ ಲೆಕ್ಕ ಹಾಕಿದ ಚಿಮಣಿ ಕಣೇ ಅದು, ಬೀಳುತ್ತಾ?"