ಸುಮ್ಮನೆ ಕುಳಿತವನು

ಮಾರ್ಚ್ ಹನ್ನೊಂದರ ಸಂಜೆ ಕಿನ್ನಾಳದ ಓಣಿ ಗುಡಿಯ ಹಿರಿಯ ಕರಿಬಸಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಪಡಸಾಲೆಯಲ್ಲಿದ್ದ ಮರದ ಲಕ್ಷ್ಮೀ ಮೂರ್ತಿ ಕಾಣೆಯಾಗಿತ್ತು. ಮರುದಿನ ಅದಕ್ಕೆ ಹೊಸ ಬಣ್ಣ ಬಳಿಸುವುದಿತ್ತು. ಎಫ್‌ಐಆರ್ ಆಯಿತು, ಪಂಚನಾಮೆಯೂ ಆಯಿತು. ಜಾತ್ರೆಯ ಬಂದೋಬಸ್ತಿನಲ್ಲಿ ನಿದ್ದೆಗೆಟ್ಟಿದ್ದ ಇನ್‌ಸ್ಪೆಕ್ಟರ್ ಪ್ರಭುರಾಜನಿಗೆ, ದೇವರೂ ಈಗಲೇ ಕಳೆದುಹೋಗಬೇಕೇ ಎನಿಸಿತು.

ಗುಡಿಯ ಕ್ಯಾಮೆರಾದಲ್ಲಿ ಇಡೀ ವಾರದ ವಿಡಿಯೊ ಇತ್ತು. ಅದನ್ನೆಲ್ಲ ಕೂತು ನೋಡುವವರು ಯಾರು? ಠಾಣೆಗೆ ಹೊಸದಾಗಿ ಬಂದ ತಂತ್ರಾಂಶ ಮಿದುಳಿನ ನರಜಾಲದ ಹಾಗೆ ತಾನೇ ಕಲಿತದ್ದಂತೆ. ಉದ್ದನೆಯ ವಿಡಿಯೊ ನುಂಗಿ, ಮುಖ್ಯವಾದುದನ್ನಷ್ಟೇ ಕೊಡುತ್ತಿತ್ತು. ವಾರವನ್ನು ಹತ್ತು ನಿಮಿಷಕ್ಕೆ ಇಳಿಸಿತು. ಅದರಲ್ಲಿ ಎದ್ದು ಕಂಡವನು ಮೂರ್ತಿಗೆ ಬಣ್ಣ ಬಳಿಯಲು ಒಪ್ಪಿಕೊಂಡು, ಅಳತೆ ತೆಗೆಯುತ್ತ ಓಡಾಡಿದ ಗಂಗಾವತಿಯ ಪೇಂಟರ್ ಅಸ್ಲಮ. ಅವನನ್ನು ಕರೆಸಿ ಅರ್ಧ ದಿನ ಕೂಡಿಸಿದ್ದಾಯಿತು. ಕಳವಿನ ದಿನ ಅವನು ನವಲಿಯಲ್ಲಿ ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದನೆಂದು ಹೆಡ್‌ಮಾಸ್ತರರೇ ಹೇಳಿದಾಗ ಪ್ರಭುರಾಜನಿಗೆ ನಾಚಿಕೆಯಾಯಿತು.

“ಸರ್, ಮಷೀನು ಬಿಟ್ಟಿದ್ದನ್ನ ನೋಡೂಣ್ರಿ,” ಎಂದಳು ಹೆಡ್ ಕಾನ್‌ಸ್ಟೆಬಲ್ ಹನುಮಂತಮ್ಮ.

“ಅದರಾಗ ಏನೂ ಆಗಿಲ್ಲಂತನ ಬಿಟ್ಟೈತಿ.”

“ಅದಕ್ಕ ನೋಡೂಣ್ರಿ.”

ಅವಳು ಆಕಳಿಸುತ್ತ, ಅವನು ತೂಕಡಿಸುತ್ತ ನೋಡಿದರು. ದಿನಾ ಮಧ್ಯಾಹ್ನ ಮುದುಕನೊಬ್ಬ ಬಂದು ಮೂರ್ತಿಯ ಎದುರು ಕೂರುತ್ತಿದ್ದ. ಕೈ ಮುಗಿಯುತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಅಂಥವನನ್ನು ಯಂತ್ರ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹನ್ನೊಂದರಂದೂ ಕುಳಿತಿದ್ದ, ಕರೆಂಟು ಹೋಯಿತು. ಮತ್ತೆ ಬಂದಾಗ ಮೂರ್ತಿಯೂ ಇಲ್ಲ, ಮುದುಕನೂ ಇಲ್ಲ.

ಕರಿಬಸಪ್ಪ ನೋಡಿದೊಡನೆ ಗುರುತಿಸಿದರು. ಮರದ ಗೊಂಬೆ ಕೆತ್ತುವ ವಿರೂಪಾಕ್ಷಪ್ಪ. ಪ್ರಭುರಾಜ ಜೀಪು ತೆಗೆದುಕೊಂಡು ಅವನ ಮನೆಗೆ ಹೋದ.

“ಮೂರ್ತಿ ಎಲ್ಲೈತಿ, ಅಜ್ಜಾರ?”

“ಒಳಗ ಐತ್ರಿ.”

ಹಾಸಿಗೆಯ ಪಕ್ಕ, ಹಳೆಯ ಸೀರೆ ಹೊದಿಸಿ ನಿಲ್ಲಿಸಿದ್ದ.

“ಯಾಕ ತಂದ್ರಿ?”

“ನಮ್ಮಪ್ಪ ಕೆತ್ತಿದ್ದರಿ ಅದು. ಅದರ ಮಾರಿ, ಕಣ್ಣು, ಮೂಗು ಎಲ್ಲಾ ನಮ್ಮವ್ವಂದು. ನಾ ಕೂಸಿದ್ದಾಗ ಸತ್ಳು, ಒಂದು ಫೋಟೊನೂ ಇಲ್ಲ. ಆಯಿಲ್ ಪೇಂಟ್ ಬಳದ್ರ ಆ ಮಾರಿ ಮುಚ್ಚಿ ಹೋಗ್ತಿತ್ರಿ. ಬ್ಯಾಡಂತ ಕೈ ಮುಗದು ಹೇಳಿದ್ನಿ. ಯಾರೂ ಕೇಳ್ಲಿಲ್ಲ.”

ಪ್ರಭುರಾಜ ಸೀರೆ ಸರಿಸಿ ಆ ಮುಖವನ್ನು ನೋಡಿದ. ಆದರೂ ಬಂಧಿಸಲೇಬೇಕಿತ್ತು, ಬಂಧಿಸಿದ. ಜೀಪಿನಲ್ಲಿ ಮುದುಕ ಮೂರ್ತಿಯ ಮೇಲಿನ ಕಣ್ಣು ಕೀಳದೆ ಕೇಳಿದ:

“ಇನ್ನ ಇದಕ್ಕ ಬಣ್ಣ ಬಳೀತಾರೇನ್ರಿ?”

“ಈಗಿದು ಸಾಕ್ಷಿ. ಕೇಸು ಮುಗಿಯೂತನಕ ಯಾರೂ ಕೈ ಹಚ್ಚಂಗಿಲ್ಲ.”

“ಯಾವಾಗ ಮುಗೀತೈತ್ರಿ?”

ಕೋರ್ಟಿನಲ್ಲಿ ಕೊಳೆಯುತ್ತಿದ್ದ ತನ್ನ ಹಳೆಯ ಕೇಸುಗಳೆಲ್ಲ ಪ್ರಭುರಾಜನಿಗೆ ನೆನಪಾದವು.

“ಭಾಳ ವರ್ಷ ಹಿಡೀತೈತಿ, ಅಜ್ಜಾರ.”

“ಛಲೋ ಆತ್ರಿ,” ಎಂದ ವಿರೂಪಾಕ್ಷಪ್ಪ, ಸೀಟಿಗೆ ಬೆನ್ನು ಆನಿಸಿ ಕೂತ.