ಬಲಗೈ ಕೊಡದ ಉತ್ತರ

"ಅಯ್ಯೋ, ಸತ್ತೇ ಹೋದ!"

ಹೀಗೆ ಕಿರುಚಿದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸು. ಕುಸ್ತಿ ಪ್ರದರ್ಶನಕ್ಕೆ ಪ್ರಥಮ ಚಿಕಿತ್ಸೆಗೆಂದು ಆಸ್ಪತ್ರೆಯವರು ಅವಳನ್ನು ಕಳಿಸಿದ್ದರು. ರಿಂಗಿನ ನಡುವೆ ಆರಡಿ ಎತ್ತರದ ಪೈಲ್ವಾನ ಅಂಗಾತ ಬಿದ್ದಿದ್ದ. ಇವಳು ಔಷಧಿ ಪೆಟ್ಟಿಗೆ ಎಳೆದುಕೊಂಡು, ಹಗ್ಗದಡಿ ನುಸುಳಿ, ಒಳಗೆ ಓಡಿಯೇಬಿಟ್ಟಳು!

ನೋಡಲು ಬಂದ ಜನರೆಲ್ಲ ಹೋ ಎಂದು ನಕ್ಕರು.

ಅವಳು ಅವನ ಬಲಗೈ ಹಿಡಿದು ನಾಡಿ ಹುಡುಕುತ್ತಿದ್ದಾಗ ಆ ಕೈ ಅವಳ ಕೈಯನ್ನು ಮೆಲ್ಲಗೆ ಒತ್ತಿತು. ಒಂದು ಕಣ್ಣು ತುಸುವೇ ತೆರೆಯಿತು.

"ಡಾಕ್ಟ್ರಮ್ಮಾ... ನಾನು ಚೆನ್ನಾಗೇ ಇದ್ದೀನಿ. ಇದು ಮೊದಲೇ ಮಾತಾಡಿಕೊಂಡ ಆಟ, ಸೋಲೋದೇ ನನ್ನ ಕೆಲಸ. ದಯವಿಟ್ಟು ಕೆಳಗಿಳೀರಿ, ನಗು ತಡ್ಕೊಳ್ಳೋಕೆ ಆಗ್ತಿಲ್ಲ!"

"ನಾನು ಡಾಕ್ಟ್ರಲ್ಲ, ನರ್ಸು!"

ಪಾಪ, ಅಷ್ಟು ಅವಮಾನದಲ್ಲೂ ಅವಳಿಗೆ ಹೊಳೆದದ್ದು ಅದೊಂದೇ ಮಾತು.

ಆಟ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಜೊತೆಯವರೆಲ್ಲ ಅವನನ್ನು ಬೆಟ್ಟ ಎಂದು ಕರೆಯುತ್ತಿದ್ದರು. ಪೆಟ್ಟು ತಿಂದೂ ತಿಂದೂ ಕಿವಿಗಳು ಮುದುಡಿಹೋಗಿದ್ದವು. ದನಿ ಮಾತ್ರ ಎಷ್ಟು ಮೆತ್ತಗೆ!

"ನಮ್ಮಲ್ಲೊಂದು ಪದ್ಧತಿ ಇದೆ. ಆಡುವಾಗ ಒಬ್ಬ ಇನ್ನೊಬ್ಬನ ಕೈ ಒತ್ತಿದ್ರೆ, ಹುಷಾರಾಗಿದ್ದೀಯಾ ಅಂತ ಕೇಳಿದ ಹಾಗೆ. ತಿರುಗಿ ಒತ್ತಿದ್ರೆ, ಹ್ಞೂಂ ಅಂತ."

"ಒತ್ತದೇ ಇದ್ರೆ?"

"ಆಟ ಅಲ್ಲಿಗೇ ನಿಲ್ಲತ್ತೆ."

ಆಮೇಲಿನದನ್ನು ನಾನು ಬಿಡಿಸಿ ಹೇಳಬೇಕೇ? ಅವಳ ಪಾಳಿ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಬಳಿ ಬೆಟ್ಟ ಹಾಜರು. ಬಸ್ಸಿನ ನೂಕುನುಗ್ಗಲಿನಲ್ಲಿ ಅವಳು ಅವನ ಕೈ ಒತ್ತಿದರೆ ಅವನು ತಿರುಗಿ ಒತ್ತುತ್ತಿದ್ದ. ಮಾತೇ ಬೇಕಿರಲಿಲ್ಲ.

ಆದರೆ ಮದುವೆಯ ಮಾತು ಎತ್ತಿದರೆ ಮಾತ್ರ ಜಾರಿಕೊಳ್ಳುತ್ತಿದ್ದ.

"ದಿನಾ ಬೀಳೋನು ನಾನು. ಸ್ವಲ್ಪ ಯೋಚ್ನೆ ಮಾಡೋಣ..."

'ಇನ್ನೂ ಎಷ್ಟು ಯೋಚ್ನೆ ಮಾಡ್ತಾನೆ ಮಹಾರಾಯ!' ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಒಂದು ದಿನ ಅವನು ನಿಜವಾಗಿಯೇ ಬಿದ್ದ. ಹಗ್ಗದ ಮೇಲಿಂದ, ಕುತ್ತಿಗೆ ಅಡಿಯಾಗಿ.

ಆಸ್ಪತ್ರೆಯ ಮಂಚದ ಮೇಲೆ ಅವನ ಕುತ್ತಿಗೆಗೆ ಪಟ್ಟಿ, ಬಾಯಲ್ಲಿ ನಳಿಕೆ. ಆಪರೇಷನ್ನು ಮರುದಿನಕ್ಕಿತ್ತು. ಊದಿದ ಮುಖದಲ್ಲಿ ಕಣ್ಣು ತೆರೆಯುವಂತೆಯೇ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತು ಅವನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು.

"ನನ್ನ ಮಾತು ಕೇಳಿಸತ್ತೆ ಅಲ್ವಾ? ನೀನು ಹೇಗಿದ್ರೂ ನಂಗೆ ನೀನೇ ಬೇಕು. ನನ್ನನ್ನ ಮದುವೆ ಆಗ್ತೀಯಾ? ಆಗೋದಾದ್ರೆ ಕೈ ಒತ್ತು. ಅಷ್ಟೇ ಸಾಕು."

ಒತ್ತಿದಳು. ಕಾದಳು.

ಕೈ ಸುಮ್ಮನಿತ್ತು.

"ಬೆಟ್ಟಾ... ದಮ್ಮಯ್ಯ ಅಂತೀನಿ..."

ಇನ್ನೊಮ್ಮೆ ಒತ್ತಿದಳು. ಬೆರಳೂ ಅಲುಗಲಿಲ್ಲ.

'ಆಟ ಅಲ್ಲಿಗೇ ನಿಲ್ಲತ್ತೆ.' ಅವನೇ ಹೇಳಿದ್ದ ಮಾತಲ್ಲವೇ? ಆ ಕೈಯನ್ನು ಹೊದಿಕೆಯ ಮೇಲೆ ಮೆಲ್ಲಗೆ ಇಟ್ಟು, ಕಣ್ಣೊರೆಸಿಕೊಂಡು ಹೊರಗೆ ನಡೆದಳು. ಅದೇ ವಾರ ಬೇರೆ ಊರಿನ ಆಸ್ಪತ್ರೆಗೆ ಹೋಗಿಬಿಟ್ಟಳು. ಹೋಗುವಾಗ ಅಕ್ಕನ ಹತ್ತಿರ, "ಅವನು ಬಂದ್ರೂ ನನ್ನ ವಿಳಾಸ ಕೊಡಬೇಡ" ಎಂದಳು.

ಏಳು ವರ್ಷ!

ಕುಸ್ತಿ ಬಿಟ್ಟವನು ಮೊದಲು ಸಿನಿಮಾದಲ್ಲಿ ಖಳನಾಯಕನ ಹಿಂದೆ ನಿಲ್ಲುವ ದಾಂಡಿಗನಾದ. ಆಮೇಲೆ ಧಾರಾವಾಹಿಗಳಲ್ಲಿ ಕಾವಲುಗಾರ, ಲಾರಿ ಮಾಲೀಕ, ಈಗೀಗ ಹೆಣ್ಣುಮಕ್ಕಳ ತಂದೆ. ಅಷ್ಟು ದೊಡ್ಡ ದೇಹ ಅಳುವುದನ್ನು ನೋಡಿ ಮನೆಮನೆಯಲ್ಲಿ ಜನ ಮೂಗೊರೆಸಿಕೊಳ್ಳುತ್ತಿದ್ದರು. ಅವಳೂ ನೋಡುತ್ತಿದ್ದಳು, ಒಂದು ಕಂತೂ ಬಿಡದೆ.

"ಬೇಡ ಅಂದವನನ್ನ ಯಾಕೆ ಹೀಗೆ ನೋಡ್ತೀಯೇ?" ಎಂದು ಫೋನಿನಲ್ಲಿ ಅಕ್ಕ ಬೈಯುತ್ತಿದ್ದಳು.

"ಕಥೆ ಚೆನ್ನಾಗಿದೆ ಅಕ್ಕ."

ಸುಳ್ಳು! ಕಥೆ ಏನೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಅವನ ಮುದುಡಿದ ಕಿವಿಗಳನ್ನು, ಸದಾ ಜೇಬಿನೊಳಗೇ ಇರುವ ಬಲಗೈಯನ್ನು. 'ನಟನಾದ ಮೇಲೆ ಗತ್ತು ಬಂದಿದೆ' ಎಂದುಕೊಳ್ಳುತ್ತಿದ್ದಳು. ಮುನಿಸು ಹಾಗೇ ಇತ್ತು, ಆಸೆಯೂ ಹಾಗೇ ಇತ್ತು.

ಹೀಗಿರುವಾಗ ಧಾರಾವಾಹಿಯವರು ಅವಳಿದ್ದ ಆಸ್ಪತ್ರೆಗೆ ಬಂದು, ಆಸ್ಪತ್ರೆಯ ದೃಶ್ಯಕ್ಕೆ ನಳಿಕೆ, ಪಟ್ಟಿ ಸರಿಯಾಗಿ ಕಟ್ಟಿಕೊಡಲು ಒಬ್ಬ ನರ್ಸು ಬೇಕೆಂದರು. ಯಾವ ಧಾರಾವಾಹಿ ಎಂದು ಗೊತ್ತಿದ್ದೇ ಅವಳು ಒಪ್ಪಿದಳು. 'ಒಂದೇ ಒಂದು ಸಲ ಎದುರಿಗೆ ನಿಂತು, ಯಾಕೆ ಬೇಡ ಅಂದೆ ಅಂತ ಕೇಳ್ಬೇಕು. ಸಾಕು.'

ಸೆಟ್ಟಿನ ಮಂಚದ ಮೇಲೆ ಅವನಿದ್ದ. ಅವಳನ್ನು ಕಂಡವನೇ ಎದ್ದು ಕೂತ.

"ಡಾಕ್ಟ್ರಮ್ಮಾ..."

"ಅಲುಗಾಡಬೇಡಿ. ಪಟ್ಟಿ ಸಡಿಲ ಆಗತ್ತೆ."

ಬಹುವಚನ! ಅವನ ಮುಖ ಸಪ್ಪಗಾಯಿತು.

ನಿರ್ದೇಶಕರು ದೃಶ್ಯ ವಿವರಿಸಿದರು. "ತಂದೆಗೆ ಮಾತು ನಿಂತಿದೆ. ಮಗಳು ಬಲಗೈ ಹಿಡ್ಕೋತಾಳೆ. ನೀವು ಅವಳ ಕೈ ಒತ್ತಬೇಕು. ಅಷ್ಟೇ."

"ಎಡಗೈ ಆಗಬಹುದಾ ಸಾರ್?"

"ಲೈಟೆಲ್ಲ ಈ ಕಡೆ ಇಟ್ಟಾಗಿದೆಯಲ್ರೀ! ಒಂದು ಕೈ ಒತ್ತೋದಕ್ಕೆ ಇಷ್ಟು ಚೌಕಾಸಿನಾ?"

ಅವನು ತಲೆ ತಗ್ಗಿಸಿದ.

"ಆ ಕೈಯಲ್ಲಿ ಶಕ್ತಿ ಇಲ್ಲ ಸಾರ್. ಮುಟ್ಟಿದ್ರೂ ಗೊತ್ತಾಗಲ್ಲ. ಏಳು ವರ್ಷದ ಹಿಂದೆ ಬಿದ್ದೆನಲ್ಲ, ಆವಾಗಿನ ಆಪರೇಷನ್ನಿಂದ."

ಅವಳ ಕೈಯಿಂದ ಪಟ್ಟಿಯ ಸುರುಳಿ ಜಾರಿ ನೆಲಕ್ಕೆ ಬಿತ್ತು.

ಲೈಟುಗಳನ್ನು ಎಡಕ್ಕೆ ಸರಿಸಲು ಹತ್ತು ನಿಮಿಷ ಬೇಕೆಂದು ಎಲ್ಲರೂ ಅತ್ತ ಹೋದರು. ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು.

"ಆಪರೇಷನ್ನಿಂದ ಅಲ್ಲ ಕಣೋ..."

"ಏನಂದೆ?"

"ಆಪರೇಷನ್ನಿಗೆ ಮುಂಚೆನೇ ಆ ಕೈ ಹೋಗಿತ್ತು. ಆ ದಿನ ನಾನು ಕೇಳಿದಾಗ ನೀನು ಒತ್ತಲೇ ಇಲ್ಲ!"

ಅವನು ಕಣ್ಣರಳಿಸಿ ಅವಳನ್ನೇ ನೋಡಿದ.

"ಒತ್ತಿದೆನಲ್ಲ! ಇರೋ ಶಕ್ತಿಯೆಲ್ಲ ಹಾಕಿ ಒತ್ತಿದೆ. ಎರಡು ಸಲ! ಅಷ್ಟಾದ್ರೂ ನೀನು ಎದ್ದು ಹೋದೆ. ಕೈಕಾಲು ಮುರ್ಕೊಂಡವನು ಯಾಕೆ ಬೇಕು ಅನ್ನಿಸಿರಬೇಕು ಅಂತ... ಆದ್ರೂ ನಿಮ್ಮ ಮನೆಗೆ ಬಂದೆ. ವಿಳಾಸ ಕೊಡಲ್ಲ ಅಂತ ನಿಮ್ಮಕ್ಕ ಬಾಗಿಲು ಹಾಕಿದ್ರು."

ಏಳು ವರ್ಷ ಅವಳು ಅವನನ್ನು ಶಪಿಸಿದ್ದಳು. ಅವನು ಅಂದೇ 'ಹ್ಞೂಂ' ಎಂದಿದ್ದ. ಆ ಮಾತು ಅವನ ಕೈಯವರೆಗೆ ಬಂದಿರಲೇ ಇಲ್ಲ.

"ನಾನು ನರ್ಸು... ದಿನಾ ಎಷ್ಟು ಜನರ ಕೈಕಾಲು ಅಲುಗಾಡಿಸಿ ನೋಡ್ತೀನಿ! ನಿನ್ನ ಕೈ ನೋಡಿ ನಂಗೆ ಹೊಳೀಲೇ ಇಲ್ವಲ್ಲೋ!" ಎಂದು ಬಿಕ್ಕಿಬಿಕ್ಕಿ ಅತ್ತಳು.

"ಅವತ್ತು ನೀನು ನರ್ಸಾಗಿ ಕೂತಿರಲಿಲ್ಲ. ಅಳಬೇಡ... ಯೋಚ್ನೆ ಮಾಡ್ತೀನಿ ಅಂತ ನಿನ್ನ ಅಷ್ಟು ದಿನ ಸತಾಯಿಸಿದ್ದಕ್ಕೆ ನಂಗಾದ ಶಾಸ್ತಿ ಇದು."

ಅವಳು ಮಂಚವನ್ನು ಸುತ್ತಿ ಆಚೆ ಬದಿಗೆ ಬಂದಳು. ಅವನ ಎಡಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದು, ಒಮ್ಮೆ ಒತ್ತಿದಳು.

ಆ ಕೈ ತಿರುಗಿ ಒತ್ತಿತು. ಬಳೆಗಳು ಮಣಿಕಟ್ಟಿಗೆ ಊರುವಷ್ಟು ಗಟ್ಟಿಯಾಗಿ.

"ಗೊತ್ತಾಯ್ತಾ, ಡಾಕ್ಟ್ರಮ್ಮಾ?"

"ನರ್ಸು! ಊಹೂಂ, ಗೊತ್ತಾಗ್ಲಿಲ್ಲ... ಇನ್ನೊಂದ್ಸಲ ಒತ್ತು."