ಆಕಾಶಕ್ಕೆ ತೇಪೆ ಹಾಕಿದ ದುಂಡವ್ವ

ಬಹಳ ಬಹಳ ಹಿಂದೆ, ಈಗಿನ ಬೆಟ್ಟಗಳೆಲ್ಲ ಇನ್ನೂ ಮಣ್ಣಿನ ದಿಬ್ಬಗಳಾಗಿದ್ದ ಕಾಲದಲ್ಲಿ, ಮೇಲ್ಕಟ್ಟಿನ ನಾಡು ಎಂಬ ರಾಜ್ಯವಿತ್ತು. ಆ ನಾಡಿನ ಮೇಲೆ ಆಕಾಶವಿರಬೇಕಾದ ಕಡೆ ಒಂದು ಬಟ್ಟೆ ಇತ್ತು. ಮೊದಲ ರಾಣಿ ಬಿಸಿಲನ್ನೇ ನೂಲು ಮಾಡಿ, ಈ ಬೆಟ್ಟದಿಂದ ಆ ಬೆಟ್ಟಕ್ಕೆ ನೇಯ್ದು ಕಟ್ಟಿದ ಮೇಲ್ಕಟ್ಟು ಅದು. ಬೆಳಿಗ್ಗೆ ಕೇಸರಿ, ಮಧ್ಯಾಹ್ನ ಬಿಳಿ, ಸಂಜೆ ನೇರಳೆ. ಜನ ಅದನ್ನೇ ಆಕಾಶ ಎನ್ನುತ್ತಿದ್ದರು. ಅದರ ಆಚೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕೇಳದಿರಲು ಕಾರಣವಿತ್ತು. ಬೆಳಕಿನ ಬೆಟ್ಟದ ತುದಿಯಲ್ಲಿ ಜಡಬಾಹು ಎಂಬ ಮಾಂತ್ರಿಕನಿದ್ದ. ಯಾರಿಗೆ ಹದಿನಾರು ತುಂಬಿದರೂ ಅವನು ಇಳಿದುಬಂದು ಬಲಗೈ ಮಣಿಕಟ್ಟಿಗೆ ಕಪ್ಪು ದಾರ ಸುತ್ತಿ, “ಕಲಿತದ್ದು ಸಾಕು” ಎಂದು ಗಂಟು ಹಾಕುತ್ತಿದ್ದ. ಅಲ್ಲಿಗೆ ಕಲಿಕೆ ಮುಗಿಯಿತು. ಕುಂಬಾರ ಹದಿನಾರರಲ್ಲಿ ಮಾಡಿದ ಮಡಕೆಯನ್ನೇ ಎಪ್ಪತ್ತರಲ್ಲೂ ಮಾಡುತ್ತಿದ್ದ. ಹೊಸದಕ್ಕೆ ಕೈ ಹಾಕಿದರೆ ಕೈ ಮರಗಟ್ಟುತ್ತಿತ್ತು. ಅವರು ಕಲಿಯದೆ ಬಿಟ್ಟದ್ದೆಲ್ಲ ಆ ದಾರದೊಳಗಿಂದ ಹರಿದುಹೋಗಿ ಜಡಬಾಹುವಿಗೆ ಆಯಸ್ಸಾಗುತ್ತಿತ್ತು. ಅವನು ಹೀಗೆ ಬದುಕುತ್ತ ಆಗಲೇ ನಾನೂರು ವರ್ಷವಾಗಿತ್ತು. ಜನರೋ, ದಾರ ಕಟ್ಟಿದ ದಿನ ಹೋಳಿಗೆ ಮಾಡಿ, ಅವನಿಗೂ ಎರಡು ಬಡಿಸಿ ಕಳಿಸುತ್ತಿದ್ದರು!

ಆ ನಾಡಿನ ನೇಕಾರರ ಕೇರಿಯಲ್ಲಿ ದುಂಡವ್ವ ಎಂಬ ಅರವತ್ತೆರಡು ವರ್ಷದ ಅಜ್ಜಿ ಇದ್ದಳು. ಅವಳು ನೇಯುತ್ತಿರಲಿಲ್ಲ, ನೂಲುತ್ತಿರಲಿಲ್ಲ. ಅವಳದು ಕೆಚ್ಚುವ ಕೆಲಸ. ಮಗ್ಗದಲ್ಲಿ ಹಳೆಯ ಸೀರೆ ಮುಗಿದಾಗ, ಉಳಿದ ಎಳೆಗಳ ತುದಿಗೆ ಹೊಸ ಎಳೆಗಳ ತುದಿ ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಹೊಸೆದು ಒಂದು ಮಾಡಬೇಕು. ಗಂಟು ಹಾಕುವಂತಿಲ್ಲ. ಗಂಟು ಮಗ್ಗದಲ್ಲಿ ಸಿಕ್ಕಿಕೊಂಡರೆ ಎಳೆ ಹರಿಯುತ್ತದೆ. ಆದ್ದರಿಂದ ಎಲ್ಲಿ ಗಂಟು ಕಂಡರೂ ದುಂಡವ್ವನ ಬೆರಳು ಅದನ್ನು ಬಿಚ್ಚಿ ಹೊಸೆದುಬಿಡುತ್ತಿತ್ತು. ಅವಳಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ದುಂಡವ್ವನಿಗೆ ಇದ್ದವಳು ಒಬ್ಬಳೇ ಮೊಮ್ಮಗಳು, ಒಂಬತ್ತು ವರ್ಷದ ತುಂಗಿ. ಅವಳ ಬಾಯಲ್ಲಿ ಬರೀ ಪ್ರಶ್ನೆ. ಕೋಳಿ ಯಾಕೆ ಒಂದೇ ಕಣ್ಣಲ್ಲಿ ನೋಡುತ್ತದೆ? ಕೆಂಪು ಬಣ್ಣ ಒದ್ದೆಯಾದರೆ ಯಾಕೆ ಕಪ್ಪಾಗುತ್ತದೆ? ದುಂಡವ್ವ ಮಣಿಕಟ್ಟು ತೋರಿಸಿ, “ನನಗೆ ದಾರ ಕಟ್ಟಿ ಆಗಿದೆ ಕಣೇ. ನನ್ನನ್ನ ಕೇಳಬೇಡ” ಎಂದುಬಿಡುತ್ತಿದ್ದಳು. ಹಾಗೆಂದು ಅವಳೇನೂ ಹೊಸದನ್ನು ಮಾಡಲು ಹೋಗಿ ಕೈ ಮರಗಟ್ಟಿಸಿಕೊಂಡವಳಲ್ಲ. ನಲವತ್ತಾರು ವರ್ಷದಲ್ಲಿ ಒಮ್ಮೆಯೂ ಮಾಡಿ ನೋಡಿರಲಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ನಿಂತಿದ್ದ ತುಂಗಿ ಕತ್ತೆತ್ತಿ ಕೂಗಿದಳು. “ಅಜ್ಜೀ, ಆಕಾಶ ಹರಿದಿದೆ! ಅದಕ್ಕೆ ತೇಪೆ ಹಾಕೋದು...”

ಮಾತು ಅರ್ಧಕ್ಕೇ ನಿಂತಿತು. ಹರಿದ ಕಡೆಯಿಂದ ಬೂದಿ ಬಣ್ಣದ ಬೆಳಕು ಬಾವಿಕಟ್ಟೆಯ ಮೇಲೆ ಒಮ್ಮೆ ಮಿಂಚಿ ಆರಿತ್ತು. ತುಂಗಿ ಬಾಯಿ ತೆರೆದಂತೆಯೇ, ಬೆರಳು ಎತ್ತಿದಂತೆಯೇ ನಿಂತುಬಿಟ್ಟಿದ್ದಳು. ಅವಳ ಕೊಡದಿಂದ ಚೆಲ್ಲಿದ ನೀರು ಕೂಡ ಗಾಳಿಯಲ್ಲೇ ನಿಂತಿತ್ತು. ದುಂಡವ್ವ ಓಡಿ ಹೋಗಿ ಕೆನ್ನೆ ಮುಟ್ಟಿದಳು. ತಣ್ಣಗಿತ್ತು.

ಆಕಾಶವನ್ನು ಯಾರೂ ಹರಿದಿರಲಿಲ್ಲ. ಬಟ್ಟೆ ಹಳತಾಗಿತ್ತು, ನಾನೂರು ವರ್ಷದಿಂದ ದುರಸ್ತಿ ಕಂಡಿರಲಿಲ್ಲ. ರಾಣಿ ಮಲ್ಲಲಾದೇವಿ ಮೊದಲ ರಾಣಿಯ ತಾಮ್ರಪಟ ತರಿಸಿ ಓದಿಸಿದಳು. “ಮೇಲ್ಕಟ್ಟು ಹರಿದರೆ ಮೂರನೆಯ ಸಂಜೆಯೊಳಗೆ ಬಿಸಿಲಿನ ನೂಲಿನಿಂದ ಸರಿಮಾಡಿ. ಇಲ್ಲವಾದರೆ ನಿಂತವರು ಕಲ್ಲಾಗುವರು. ಬಿಸಿಲು ನೂಲಾಗುವುದು ಬೆಳಕಿನ ಬೆಟ್ಟದಲ್ಲಿ.”

ಅರಮನೆಯ ಮೂವರು ದೊಡ್ಡ ನೇಕಾರರು ಕೂಡಲೇ ಹೊರಟರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಮರಗಟ್ಟಿದ ಕೈಗಳನ್ನು ಜೋತುಬಿಟ್ಟುಕೊಂಡು ವಾಪಸು ಬಂದರು.

ದುಂಡವ್ವ ರಾಣಿಯ ಮುಂದೆ ಹೋಗಿ ನಿಂತಳು. “ನಾನು ಹೋಗ್ತೀನಿ ತಾಯಿ.”

“ನಿನಗೆ ಏನು ಬರುತ್ತದೆ ಅಜ್ಜಿ?”

“ತುದಿಗೆ ತುದಿ ಸೇರಿಸೋದು ಬಿಟ್ಟರೆ ಏನೂ ಬರೋಲ್ಲ. ಆದರೆ ನನ್ನ ಮಗು ಅಲ್ಲಿ ಬಾಯಿ ತೆರೆದು ನಿಂತಿದೆ. ನಾನಿಲ್ಲಿ ಹೇಗೆ ಕೂತಿರಲಿ?”

ಒಂದು ಬುತ್ತಿ, ಒಂದು ಚಿಟಿಕೆ ಬೂದಿ ಗಂಟು ಕಟ್ಟಿಕೊಂಡು ಅವಳು ಬೆಟ್ಟದ ಕಡೆ ನಡೆದಳು.

ಬೆಟ್ಟದ ಬುಡದಲ್ಲಿ ಆನೆಯಷ್ಟು ದೊಡ್ಡ ಜೇಡ ಕೂತಿತ್ತು. ಅದಕ್ಕೆ ಎಂಟು ಕಣ್ಣು. ಒಂದರಲ್ಲಿ ಬೆಳಗಾಗುತ್ತಿತ್ತು, ಒಂದರಲ್ಲಿ ಮಧ್ಯಾಹ್ನ ಉರಿಯುತ್ತಿತ್ತು, ಒಂದರಲ್ಲಿ ಸೂರ್ಯ ಮುಳುಗುತ್ತಿದ್ದ. ದುಂಡವ್ವನಿಗೆ ಹೆದರಿಕೆ ಮರೆತುಹೋಯಿತು. ಅವಳು ನೋಡುತ್ತಲೇ ನಿಂತಳು.

“ನಿನಗೆ ಏನು ಗೊತ್ತು ಅಂತ ಹೇಳಬೇಡ” ಎಂದಿತು ಜೇಡ. “ಆ ಮೂವರೂ ಅದನ್ನೇ ಹೇಳಿ ನನ್ನ ತಲೆ ತಿಂದರು. ಏನು ಗೊತ್ತಿಲ್ಲ, ಅದನ್ನು ಹೇಳು.”

ದುಂಡವ್ವನಿಗೆ ನಾಚಿಕೆಯಾಯಿತು. “ನೂಲೋಕೆ ಬರೋಲ್ಲ. ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಇದ್ದೀನಿ, ಆದರೂ ಬರೋಲ್ಲ.”

“ಹಾಗಾದರೆ ಕೂತುಕೋ.”

ಜೇಡ ಬಿಸಿಲಿನ ಒಂದು ಕೋಲನ್ನು ಹಿಡಿದು ಎಳೆಯಿತು. ಬಿಸಿಲು ನೂಲಾಗಿ ಬಂತು. ದುಂಡವ್ವನೂ ಎಳೆದಳು. ಹರಿಯಿತು. ಮತ್ತೆ ಎಳೆದಳು, ಮತ್ತೆ ಹರಿಯಿತು. ಅವಳು ಸಿಟ್ಟಿನಿಂದ ಎಸೆಯಲು ಹೋದಾಗ ಜೇಡ ತಡೆಯಿತು. “ಎಸೆಯಬೇಡ. ಎಲ್ಲಿ ಹರಿಯಿತು ನೋಡು.” ನೋಡಿದಳು. ಉಸಿರು ಬಿಟ್ಟ ಕಡೆಯೆಲ್ಲ ಹರಿದಿತ್ತು. ಉಸಿರು ಹಿಡಿದು ಎಳೆದಳು. ಬೆರಳ ತುದಿಯಿಂದ ಚಿನ್ನದ ಎಳೆ ಇಳಿದು ಮಡಿಲಲ್ಲಿ ಸುರುಳಿ ಸುತ್ತಿತು. ದುಂಡವ್ವ ಅಳುತ್ತ ನಕ್ಕಳು.

“ದಾರ ಕಟ್ಟಿದ ಕೈ ಕಲಿತದ್ದು ಇದೇ ಮೊದಲು” ಎಂದು ಜೇಡ ದಾರಿ ಬಿಟ್ಟಿತು. ಯಾಕೆ ಹಾಗಾಯಿತೆಂದು ಅದಕ್ಕೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಎರಡನೆಯ ದಿನ ನಡುಬೆಟ್ಟದಲ್ಲಿ ಒಂದು ಗೀಜಗ ಹಕ್ಕಿ ಸಿಕ್ಕಿತು. ಅದರ ಗೂಡಿನಲ್ಲಿ ಏಳು ಮನೆ ಹಿಡಿಸುತ್ತಿದ್ದವು. ಗಾಳಿ ಬಂದಾಗ ಗೂಡು ಹಾಡುತ್ತಿತ್ತು.

“ಏನು ಗೊತ್ತಿಲ್ಲ?” ಎಂದು ಹಕ್ಕಿಯೂ ಕೇಳಿತು.

“ನೇಯೋಕೆ ಬರೋಲ್ಲ” ಎಂದಳು ದುಂಡವ್ವ. ಈ ಸಲ ನಾಚಿಕೆಯಾಗಲಿಲ್ಲ.

ಹಕ್ಕಿ ಕೊಕ್ಕಿನಿಂದ ನೇಯ್ದು ತೋರಿಸಿತು. ದುಂಡವ್ವ ಹಾಗೆಯೇ ಮಾಡಲು ಹೋದಳು. ನೂಲನ್ನು ಹಲ್ಲಲ್ಲಿ ಕಚ್ಚಿದಳು, ಕತ್ತು ತಿರುಗಿಸಿದಳು, ಮೂಗಿನಿಂದ ತಳ್ಳಿದಳು. ಮಧ್ಯಾಹ್ನದವರೆಗೂ ಹಕ್ಕಿ ಸುಮ್ಮನೆ ನೋಡಿ, ಕೊನೆಗೆ ಹೊಟ್ಟೆ ಹಿಡಿದು ನಕ್ಕಿತು.

“ಅಜ್ಜೀ, ನಿನಗೆ ಕೊಕ್ಕಿದೆಯೇ? ನನ್ನಿಂದ ಕಲಿ ಅಂದರೆ ನಾನೇ ಆಗು ಅಂದೆನೇ? ನಿನ್ನ ಹತ್ತಿರ ಏನಿದೆ ನೋಡು.”

ದುಂಡವ್ವ ತಡವಿ ನೋಡಿದಳು. ಎರಡು ಕೈ, ಹತ್ತು ಬೆರಳು, ತುರುಬಿನಲ್ಲಿ ಮರದ ಬಾಚಣಿಗೆ. ಅವಳು ಎಳೆಗಳನ್ನು ಕಾಲ್ಬೆರಳಿಗೂ ಸೊಂಟಕ್ಕೂ ಬಿಗಿದುಕೊಂಡು, ಬಾಚಣಿಗೆಯ ಹಲ್ಲುಗಳ ನಡುವೆ ಹಾಯಿಸಿ ನೇಯತೊಡಗಿದಳು. ಅಂಥ ಮಗ್ಗ ಆ ನಾಡಿನಲ್ಲಿ ಇರಲೇ ಇಲ್ಲ. ಸಂಜೆಗೆ ಅವಳ ಮಡಿಲಲ್ಲಿ ಅಂಗೈಯಗಲದ ಬಿಸಿಲು ಇತ್ತು. ಹಕ್ಕಿ ರೆಕ್ಕೆ ಮುಚ್ಚಿ ತಲೆಬಾಗಿಸಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಬೆಟ್ಟದ ತುದಿ ಮುಟ್ಟಿದಳು. ಅಲ್ಲಿ ಮೇಲ್ಕಟ್ಟು ಕೈಗೆ ಸಿಗುವಷ್ಟು ಹತ್ತಿರವಿತ್ತು. ಹರಿದ ಕಡೆಯಿಂದ ಆಚೆ ಕಾಣುತ್ತಿತ್ತು. ಆಚೆ ಕೊನೆಯೇ ಇಲ್ಲದ ಕತ್ತಲೆ, ಅದರಲ್ಲಿ ಲೆಕ್ಕವಿಲ್ಲದಷ್ಟು ದೀಪಗಳು. ಇದೆಲ್ಲ ಅಲ್ಲಿ ಇತ್ತೇ? ಇಷ್ಟು ವರ್ಷವೂ ಇತ್ತೇ? ದುಂಡವ್ವ ಕೈ ಮುಗಿದಳು.

“ನಿಲ್ಲು!” ಎಂದಿತು ಒಂದು ದನಿ. ಜಡಬಾಹು ಬಂಡೆಯ ಮೇಲೆ ಕೂತಿದ್ದ. ಅವನ ಕೈಯಲ್ಲಿ ಸಾವಿರಾರು ಕಪ್ಪು ಎಳೆಗಳ ಲಡಿ ಇತ್ತು. ನಾಡಿನ ಒಂದೊಂದು ಮಣಿಕಟ್ಟಿನಿಂದಲೂ ಒಂದೊಂದು ಎಳೆ.

“ಕಲಿತದ್ದು ಸಾಕು” ಎಂದು ಅವನು ದುಂಡವ್ವನ ಎಳೆಯನ್ನು ಜಗ್ಗಿದ.

ಅವಳ ಮಣಿಕಟ್ಟಿನ ದಾರ ಮೆಲ್ಲಗೆ ಜಾರಿ ಬಿದ್ದಿತು. ಎರಡು ತುದಿ ಎರಡು ಕಡೆ. ಗಂಟಿರಲಿಲ್ಲ.

ದುಂಡವ್ವ ಬಾಗಿ ನೋಡಿದಳು. ತುದಿಯಲ್ಲಿ ಬೂದಿಯ ಗುರುತಿತ್ತು. ಆಗ ನೆನಪಾಯಿತು. ಹದಿನಾರು ತುಂಬಿದ ದಿನ, ಹೋಳಿಗೆ ಉಂಡು ಮಗ್ಗದ ಮುಂದೆ ಕೂತಾಗ, ಕೈಯಲ್ಲಿ ಗಂಟು ಕಂಡಿತ್ತು. ಕೆಚ್ಚುವ ಬೆರಳು ಸುಮ್ಮನಿರುತ್ತದೆಯೇ? ಬಿಚ್ಚಿ, ಬೂದಿ ಹಚ್ಚಿ, ಹೊಸೆದು ಬಿಟ್ಟಿತ್ತು.

“ಅಯ್ಯೋ!” ಎಂದಳು ದುಂಡವ್ವ. “ನನಗೆ ಗಂಟೇ ಇರಲಿಲ್ಲ. ನಲವತ್ತಾರು ವರ್ಷ ಗಂಟೇ ಇರಲಿಲ್ಲ! ತುಂಗಿ ಕೇಳಿದಾಗಲೆಲ್ಲ ಬಾಯಿ ಮುಚ್ಚಿಸಿದೆನಲ್ಲ!” ಅವಳು ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

ಜಡಬಾಹು ಮಾತ್ರ ಜಗ್ಗುತ್ತಲೇ ಇದ್ದ. “ಕಲಿತದ್ದು ಸಾಕು, ಕಲಿತದ್ದು ಸಾಕು.” ಬರಿಗಾಳಿಯನ್ನು ಜಗ್ಗಿದ, ಮತ್ತೆ ಜಗ್ಗಿದ. ಬೇರೆ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ದುಂಡವ್ವ ಕಣ್ಣೊರೆಸಿಕೊಂಡು ಅವನ ಕೈ ನೋಡಿದಳು. ಅವನ ಮಣಿಕಟ್ಟಿನಲ್ಲೂ ಕಪ್ಪು ದಾರವಿತ್ತು. ನಾನೂರು ವರ್ಷದ ಹಿಂದೆ, ತನಗೆ ಎಲ್ಲ ಗೊತ್ತಾಯಿತು ಎಂದುಕೊಂಡ ದಿನ ಅವನು ತನಗೇ ಹಾಕಿಕೊಂಡ ಮೊದಲ ಗಂಟು ಅದು.

“ಇಲ್ಲಿ ಕೊಡಪ್ಪ ಕೈ” ಎಂದಳು. ಬೂದಿ ಹಚ್ಚಿದಳು, ಉಗುರಿನಿಂದ ಕೆದಕಿದಳು, ಬಿಚ್ಚಿದಳು.

ಮೊದಲ ಗಂಟು ಬಿಚ್ಚಿಕೊಂಡಿತು. ಅದರ ಹಿಂದೆಯೇ ನಾಡಿನ ಎಲ್ಲ ಗಂಟುಗಳೂ ಪಟಪಟನೆ ಬಿಚ್ಚಿಕೊಂಡವು. ಬಂಡೆಯ ಮೇಲೆ ಮಾಂತ್ರಿಕನಿರಲಿಲ್ಲ. ಹಲ್ಲಿಲ್ಲದ ಒಬ್ಬ ಮುದುಕ ಮೇಲೆ ನೋಡಿ, “ಆ ದೀಪಗಳು ಏನು?” ಎಂದು ಕೇಳುತ್ತಿದ್ದ.

ದುಂಡವ್ವ ಬಿಸಿಲನ್ನು ನೂತು, ಮೇಲ್ಕಟ್ಟಿನ ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದಳು. ಇದು ಅವಳ ಕೆಲಸವೇ ಆಗಿತ್ತು. ಕೆಳಗಿನಿಂದ ಜನ ಹತ್ತಿ ಬಂದರು. ಮೂವರು ನೇಕಾರರು, ಕುಂಬಾರ, ಸ್ವತಃ ರಾಣಿ. ದುಂಡವ್ವ ನೂಲಲು ಕಲಿಸಿದಳು, ಅವರು ಎಳೆ ಹರಿದುಕೊಂಡರು, ಎಲ್ಲಿ ಹರಿಯಿತು ನೋಡಿ ಎಂದಳು. ಸಂಜೆಯೊಳಗೆ ತೇಪೆ ತುಂಬಿತು. ಅದು ಹಳೆಯ ಬಣ್ಣದ್ದಾಗಿರಲಿಲ್ಲ. ಅದುವರೆಗೆ ಯಾರೂ ಕಾಣದ ಒಂದು ಹಸಿರು ಅದರಲ್ಲಿ ಅಲೆಯುತ್ತಿತ್ತು. ನಡುವೆ ಒಂದು ಪುಟ್ಟ ಕಿಂಡಿಯನ್ನು ಅವರು ಬೇಕೆಂದೇ ಬಿಟ್ಟು ಅಂಚು ಕಟ್ಟಿದರು, ಆಚೆಯ ದೀಪಗಳು ಕಾಣಲಿ ಎಂದು.

ಅಂದಿನಿಂದ ಆ ನಾಡಿನಲ್ಲಿ ಹದಿನಾರು ತುಂಬಿದವರಿಗೆ ಯಾರೂ ಗಂಟು ಹಾಕುವುದಿಲ್ಲ. ಪ್ರತಿವರ್ಷ ಎಲ್ಲರೂ, ತೊಂಬತ್ತು ದಾಟಿದವರೂ, ಆ ವರ್ಷ ಕಲಿತದ್ದರ ಹೆಸರಲ್ಲಿ ಮೇಲ್ಕಟ್ಟಿಗೆ ಒಂದು ಎಳೆ ಕೆಚ್ಚುತ್ತಾರೆ. ಮೇಲ್ಕಟ್ಟು ಆಮೇಲೆ ಹರಿದಿಲ್ಲ. ಮುದುಕ ಜಡಬಾಹು ಮಕ್ಕಳ ಸಾಲಿನಲ್ಲಿ ಕೂತು ದೀಪ ಎಣಿಸುವುದನ್ನು ಕಲಿಯುತ್ತಾನೆ, ತಪ್ಪಿದರೆ ಮೊದಲಿನಿಂದ ಶುರುಮಾಡುತ್ತಾನೆ. ಹೋಳಿಗೆ ಈಗಲೂ ಉಂಟು.

ಆ ಸಂಜೆ ದುಂಡವ್ವ ಓಡೋಡಿ ಬಾವಿಕಟ್ಟೆಗೆ ಬಂದಾಗ, ತೇಪೆಯ ಹಸಿರು ಬೆಳಕು ಅಲ್ಲಿಗೆ ಇಳಿದು, ಗಾಳಿಯಲ್ಲಿ ನಿಂತಿದ್ದ ನೀರು ನೆಲಕ್ಕೆ ಬಿತ್ತು. ತುಂಗಿಯ ಬಾಯಿ ಅಲ್ಲಾಡಿತು.

“...ಹೇಗೆ ಅಜ್ಜಿ?”

ದುಂಡವ್ವ ಅವಳನ್ನು ಎದೆಗೆ ಒತ್ತಿಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ದಾರವಿಲ್ಲದ ಮಣಿಕಟ್ಟು ಸವರಿಕೊಂಡು ಹೇಳಿದಳು.

“ನನಗೂ ಇನ್ನೂ ಪೂರ್ತಿ ಬರೋಲ್ಲ ಕಣೇ. ಬಾ, ಕೂತುಕೋ. ಇಬ್ಬರೂ ಮಾಡಿ ನೋಡೋಣ.”